ಹೊಗೆಕೊಳವೆಗೊಂದು ತಗಡಿನ ಅಂಗಿ: ಓರೆಯಾಗಿ ಕಡಿದ ಶಂಕುವಿನ ಲೆಕ್ಕ

ಬಚ್ಚಲೊಲೆಯದ್ದಿರಲಿ, ಕೊಬ್ಬರಿ ಡ್ರೈಯರಿನದ್ದಿರಲಿ, ಹೊಗೆಕೊಳವೆ ಮಾಡನ್ನು ದಾಟಿ ಹೊರಹೋಗುವ ಜಾಗ ಮಳೆಗಾಲದಲ್ಲಿ ಸೋರುವುದು ಹೊಸ ಸಂಗತಿಯಲ್ಲ. ನೀರು ಕೊಳವೆಗುಂಟ ಇಳಿದು ಒಲೆಯ ಮೇಲೆ ಬೀಳುತ್ತದೆ. ಅದು ಕಣ್ಣಿಗೆ ಕಾಣುವ ನಷ್ಟ. ಕಾಣದ ನಷ್ಟ ಮೇಲಿದೆ. ರೀಪು, ಪಕ್ಕಾಸುಗಳು ವರ್ಷಾ ನೆನೆದು ನೆನೆದು ಕುಂಬಾಗುತ್ತವೆ. ಡ್ರೈಯರಿನ ಮೇಲೆ ಹನಿ ಬಿದ್ದರೆ ಒಣಗಿದ ಕೊಬ್ಬರಿಗೆ ಬೂಸ್ಟು ಬರಲು ಬೇರೆ ಕಾರಣ ಬೇಡ.

ನಾವು ಮಾಡುವ ಉಪಾಯ ಗೊತ್ತೇ ಇದೆ: ಸಂದಿಗೆ ಸಿಮೆಂಟು ಮೆತ್ತುವುದು, ಟಾರು ಬಳಿಯುವುದು, ಹಳೆ ಟ್ಯೂಬು ಸುತ್ತುವುದು. ಕೊಳವೆ ಬಿಸಿಯಾದಾಗ ಹಿಗ್ಗುತ್ತದೆ, ತಣಿದಾಗ ಕುಗ್ಗುತ್ತದೆ. ಸಿಮೆಂಟು ಬಿರುಕು ಬಿಡುತ್ತದೆ, ಟಾರು ಕರಗುತ್ತದೆ, ರಬ್ಬರು ಸುಟ್ಟು ಹೋಗುತ್ತದೆ. ಇದಕ್ಕೆ ಸರಿಯಾದ ಮದ್ದು ಕೊಳವೆಯ ಸುತ್ತ ನಿಲ್ಲುವ ಒಂದು ತಗಡಿನ ಅಂಗಿ. ಮೇಲೆ ಸಪೂರ, ಕೆಳಗೆ ಅಗಲ, ಅಂದರೆ ಶಂಕು. ಆದರೆ ಮಾಡು ಇಳಿಜಾರು, ಕೊಳವೆ ನೆಟ್ಟಗೆ. ಹಾಗಾಗಿ ಶಂಕುವಿನ ಕೆಳ ಅಂಚನ್ನು ಮಾಡಿನ ಓರೆಗೆ ಸರಿಯಾಗಿ ಕಡಿಯಬೇಕು. ಚಪ್ಪಟೆ ತಗಡಿನ ಮೇಲೆ ಆ ಅಂಚನ್ನು ಮೊದಲೇ ಗೆರೆ ಹಾಕುವುದು ಹೇಗೆ ಎಂಬುದೇ ಈ ಪಾಠ.

ಐ.ಟಿ.ಐ., ಪಾಲಿಟೆಕ್ನಿಕ್‌ಗಳ ಡ್ರಾಯಿಂಗ್ ಪಾಠದಲ್ಲಿ ಇದಕ್ಕೆ 'ಡೆವಲಪ್‌ಮೆಂಟ್ ಆಫ್ ಸರ್ಫೇಸಸ್' ಎನ್ನುತ್ತಾರೆ. ಮೇಲ್ಮೈಯನ್ನು ಬಿಡಿಸಿ ಹಾಸುವುದು ಎಂದರ್ಥ. ಮನೆಯಲ್ಲಿ ಅದನ್ನು ಕಲಿಯುವ ಮಕ್ಕಳಿದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಇಲ್ಲದಿದ್ದರೂ ತೊಂದರೆಯಿಲ್ಲ. ಎಂಟನೇ ಕ್ಲಾಸಿನ ಗಣಿತ ಸಾಕು. ಕಾಗದ, ಪೆನ್ಸಿಲು, ಅಡಿಪಟ್ಟಿ ಹಿಡಿದುಕೊಂಡೇ ಓದಿ.

ಪೊಟ್ಟಣ ಬಿಚ್ಚಿ ನೋಡಿ

ನೆಲಗಡಲೆ ಕಟ್ಟಿಕೊಡುವ ಕಾಗದದ ಪೊಟ್ಟಣವೇ ಶಂಕು. ಅದರ ಬಾಯಿ ಸಮವಾಗಿರುವಂತೆ ಕತ್ತರಿಸಿ, ಆಮೇಲೆ ಬಿಚ್ಚಿ ಹಾಸಿ. ಬಾಯಿಯ ಅಂಚು ನೇರ ಗೆರೆಯಾಗಿರುವುದಿಲ್ಲ, ಕಮಾನಾಗಿರುತ್ತದೆ. ಕಾರಣ ಸುಲಭ. ಬಾಯಿಯ ಯಾವ ಬಿಂದುವಿನಿಂದ ಅಳೆದರೂ ತುದಿಗೆ ಒಂದೇ ದೂರ. ಒಂದೇ ದೂರದಲ್ಲಿರುವ ಬಿಂದುಗಳೆಲ್ಲ ಸೇರಿದರೆ ವೃತ್ತದ ತುಂಡೇ ಆಗಬೇಕಲ್ಲ?

ತಗಡನ್ನು ಮೇಲೆ ಅಗಲ ಕೆಳಗೆ ಕಿರಿದಾಗಿ ನೇರ ಗೆರೆಯಲ್ಲಿ ಕತ್ತರಿಸಿ ಸುತ್ತಿದರೆ ಬಾಯಿ ಸೊಟ್ಟಗೆ ಬರುವುದು ಇದಕ್ಕೇ. ಆಮೇಲೆ ಅಂಚು ಸಮ ಮಾಡಲು ಕತ್ತರಿಸುತ್ತ ಹೋದರೆ ಆಲಿಕೆ ಗಿಡ್ಡವಾಗುತ್ತದೆ, ತಗಡೂ ಹಾಳು.

ಮೊದಲ ಅಭ್ಯಾಸ: ದಂಬೆಯ ಆಲಿಕೆ

ಓರೆ ಕಡಿತಕ್ಕೆ ಹೋಗುವ ಮೊದಲು ನೇರ ಕಡಿದ ಶಂಕುವನ್ನು ಮಾಡಿ ಕೈ ಪಳಗಿಸಿ. ಮಾಡಿನ ದಂಬೆಯಿಂದ ಬೀಳುವ ನೀರನ್ನು ಪೈಪಿಗೆ ಇಳಿಸಲು ಒಂದು ಆಲಿಕೆ ಬೇಕು ಎಂದಿಟ್ಟುಕೊಳ್ಳಿ. ಬಾಯಿಯ ವ್ಯಾಸ 30 ಸೆ.ಮೀ., ಕೆಳಗಿನ ವ್ಯಾಸ 10 ಸೆ.ಮೀ., ಎತ್ತರ 24 ಸೆ.ಮೀ. ಶಾಲೆಯ ಪುಸ್ತಕದಲ್ಲಿ ಇದನ್ನೇ ಶಂಕುವಿನ ಭಿನ್ನಕ ಎನ್ನುವುದು.

1. ತುದಿ ಕಡಿಯದೆ ಇದ್ದಿದ್ದರೆ ಪೂರ್ತಿ ಶಂಕು ಎಷ್ಟು ಎತ್ತರ ಇರುತ್ತಿತ್ತು? ದೊಡ್ಡ ತ್ರಿಜ್ಯವನ್ನು ಎತ್ತರದಿಂದ ಗುಣಿಸಿ, ತ್ರಿಜ್ಯಗಳ ವ್ಯತ್ಯಾಸದಿಂದ ಭಾಗಿಸಿ. 15 × 24 ÷ (15 − 5) = 36 ಸೆ.ಮೀ.

2. ಓರೆ ಎತ್ತರ ಬೇಕು. 36ರ ವರ್ಗ 1296, 15ರ ವರ್ಗ 225. ಕೂಡಿದರೆ 1521. ಅದರ ವರ್ಗಮೂಲ 39. ಲೆಕ್ಕ ಬೇಡವೆಂದರೆ ನೆಲದ ಮೇಲೆ ಮೂಲೆಮಟ್ಟ ಇಟ್ಟು ಒಂದು ಕಡೆ 36, ಇನ್ನೊಂದು ಕಡೆ 15 ಗುರುತಿಸಿ ತುದಿಯಿಂದ ತುದಿಗೆ ಅಳೆಯಿರಿ. 39 ಸೆ.ಮೀ. ಬರುತ್ತದೆ.

3. ಕಡಿದು ಹೋದ ಚಿಕ್ಕ ಶಂಕುವಿನ ಓರೆ ಎತ್ತರ: 39 × 5 ÷ 15 = 13 ಸೆ.ಮೀ.

4. ತಗಡಿನಲ್ಲಿ ಎಷ್ಟು ಡಿಗ್ರಿ ತೆಗೆದುಕೊಳ್ಳಬೇಕು? 360 × 15 ÷ 39 = ಸುಮಾರು 138.5 ಡಿಗ್ರಿ.

ಇನ್ನು ಗೆರೆ. ಒಂದು ಮರದ ಪಟ್ಟಿಯ ತುದಿಗೆ ಮೊಳೆ ಹೊಡೆದು, ಮೊಳೆಯಿಂದ 13 ಮತ್ತು 39 ಸೆ.ಮೀ.ಗೆ ಪೆನ್ಸಿಲು ತೂರುವ ತೂತು ಮಾಡಿದರೆ ಅದೇ ನಮ್ಮ ಕೈವಾರ. ದಾರ ಕಟ್ಟಿ ಎಳೆದರೆ ದಾರ ಹಿಗ್ಗುತ್ತದೆ, ಪಟ್ಟಿ ಹಿಗ್ಗುವುದಿಲ್ಲ. ಎರಡೂ ಕಮಾನು ಎಳೆಯಿರಿ. ಕೋನಮಾಪಕ ಇಲ್ಲದಿದ್ದರೆ ಹೊರ ಕಮಾನಿನ ಈ ತುದಿಯಿಂದ ಆ ತುದಿಗೆ ನೇರ ದೂರ 72.9 ಸೆ.ಮೀ. ಇಡಿ. ಕೋನ ತಾನೇ ಸರಿಯಾಗುತ್ತದೆ. ಪಕ್ಕದಲ್ಲಿ ಕೂಡಿಸುವ ಪಟ್ಟಿಗೆ ಒಂದು ಸೆ.ಮೀ., ಬಾಯಂಚು ಮಡಿಸಲು ಇನ್ನೊಂದು ಸೆ.ಮೀ. ಹೊರಗೆ ಬಿಡಿ. 78 × 38 ಸೆ.ಮೀ.ನ ತುಂಡು ಇದಕ್ಕೆ ಸಾಕು.

ಇಲ್ಲಿ ಒಂದು ಎಚ್ಚರಿಕೆ. ಪುಸ್ತಕದ ಚಿತ್ರಗಳಲ್ಲಿ ಬಾಯಿಯ ವೃತ್ತವನ್ನು 12 ಪಾಲು ಮಾಡಿ, ಒಂದು ಪಾಲನ್ನು ಕೈವಾರದಲ್ಲಿ ಹಿಡಿದು, ಕಮಾನಿನ ಮೇಲೆ 12 ಸಲ ಹೆಜ್ಜೆ ಹಾಕುವ ಕ್ರಮವಿದೆ. ಕಾಗದದಲ್ಲಿ ಚಿಕ್ಕದಾಗಿ ಬಿಡಿಸುವಾಗ ಅದು ನಡೆಯುತ್ತದೆ. ನಮ್ಮ ಆಲಿಕೆಯ ಸುತ್ತಳತೆ 94.2 ಸೆ.ಮೀ. ಹೆಜ್ಜೆ ಹಾಕಿ ಗುರುತಿಸಿದರೆ ಸುಮಾರು 9 ಮಿ.ಮೀ. ಕಡಿಮೆ ಬೀಳುತ್ತದೆ. ಕೈವಾರ ಅಳೆಯುವುದು ನೇರ ದೂರವನ್ನು, ಕಮಾನಿನ ಉದ್ದವನ್ನಲ್ಲ. ಎರಡು ವೃತ್ತಗಳ ಬಾಗು ಬೇರೆ ಬೇರೆ. ಆದ್ದರಿಂದ ತಗಡಿನ ಕೆಲಸಕ್ಕೆ ಡಿಗ್ರಿಯ ಲೆಕ್ಕವೇ ಒಳ್ಳೆಯದು.

ಈಗ ಅಂಗಿ: ಮೊದಲು ಮಾಡಿನ ಓರೆ ಅಳೆಯಿರಿ

90 ಸೆ.ಮೀ. ಉದ್ದದ ನೇರ ಪಟ್ಟಿಯ ಒಂದು ತುದಿಯನ್ನು ಮಾಡಿನ ಮೇಲೆ ಊರಿ, ಇನ್ನೊಂದು ತುದಿಯನ್ನು ಇಳಿಜಾರಿನ ಕಡೆಗೆ ಚಾಚಿ. ರಸಮಟ್ಟ ಇಟ್ಟು ಪಟ್ಟಿಯನ್ನು ಸಮತಟ್ಟು ಮಾಡಿ. ಚಾಚಿದ ತುದಿಯಿಂದ ಮಾಡಿಗೆ ನೇರ ಕೆಳಗೆ ಎಷ್ಟು ಎಂದು ಅಳೆಯಿರಿ. 30 ಸೆ.ಮೀ. ಬಂದರೆ ಓರೆ 3ಕ್ಕೆ 1. 45 ಬಂದರೆ 2ಕ್ಕೆ 1. ನಾವಿಲ್ಲಿ 3ಕ್ಕೆ 1 ಎಂದು ಹಿಡಿದು ಹೋಗೋಣ.

ಕೊಳವೆಯ ಹೊರ ವ್ಯಾಸ 15 ಸೆ.ಮೀ. ಅಂಗಿಗೆ ಯಾವ ಶಂಕು? ಲೆಕ್ಕ ಹಗುರಾಗಲು 3-4-5ರ ಶಂಕು ಹಿಡಿಯಿರಿ. ಅಂದರೆ ನೆತ್ತಿಯಿಂದ 4 ಇಳಿದಾಗ ತ್ರಿಜ್ಯ 3, ಓರೆ ಎತ್ತರ 5. ಇದರ ಬಿಡಿಸಿದ ಕೋನ ಯಾವತ್ತೂ 360 × 3 ÷ 5 = 216 ಡಿಗ್ರಿ. ಕೊಳವೆ ದಪ್ಪವಿರಲಿ ಸಪೂರವಿರಲಿ, ಇದು ಬದಲಾಗುವುದಿಲ್ಲ. ಬದಲಾಗುವುದು ಒಳ ಕಮಾನು ಮಾತ್ರ: ಕೊಳವೆಯ ತ್ರಿಜ್ಯ × 5 ÷ 3. ನಮ್ಮ ಕೊಳವೆಗೆ 7.5 × 5 ÷ 3 = 12.5 ಸೆ.ಮೀ.

ಪಕ್ಕದ ನೋಟದ ಚಿತ್ರ

ಇದನ್ನು ಪ್ಲೈವುಡ್ಡಿನ ಮೇಲೋ, ಸಿಮೆಂಟು ನೆಲದ ಮೇಲೋ ನಿಜ ಅಳತೆಯಲ್ಲೇ ಬಿಡಿಸಿ.

ಒಂದು ನೆಟ್ಟನೆ ಗೆರೆ ಎಳೆದು ಅದರ ಮೇಲ್ತುದಿಗೆ 'ನೆತ್ತಿ' ಎಂದು ಬರೆಯಿರಿ. ನೆತ್ತಿಯಿಂದ 40 ಸೆ.ಮೀ. ಕೆಳಗೆ ಅಡ್ಡಗೆರೆ ಎಳೆದು, ಎಡಕ್ಕೂ ಬಲಕ್ಕೂ 30-30 ಸೆ.ಮೀ. ಗುರುತಿಸಿ ನೆತ್ತಿಗೆ ಜೋಡಿಸಿ. ತ್ರಿಕೋನವಾಯಿತು. ಇದು ಪಕ್ಕದಿಂದ ನೋಡಿದ ಪೂರ್ತಿ ಶಂಕು. ಓರೆ ಬದಿ 50 ಸೆ.ಮೀ. ಇರಬೇಕು, ಅಳೆದು ಖಾತ್ರಿ ಮಾಡಿ. ಬಲಗಡೆ ಮಾಡಿನ ಇಳಿಬದಿ, ಎಡಗಡೆ ಏರುಬದಿ ಎಂದಿಟ್ಟುಕೊಳ್ಳಿ.

ಅಡ್ಡಗೆರೆಯ ಕೆಳಗೆ 30 ಸೆ.ಮೀ. ತ್ರಿಜ್ಯದ ಅರ್ಧವೃತ್ತ ಎಳೆದು ಅದನ್ನು ಆರು ಸಮಪಾಲು ಮಾಡಿ. ಏಳು ಬಿಂದು ಸಿಗುತ್ತವೆ. ಬಲತುದಿಗೆ 0, ಎಡತುದಿಗೆ 6 ಎಂದು ಸಂಖ್ಯೆ ಕೊಡಿ. ಪ್ರತಿ ಬಿಂದುವನ್ನು ನೇರ ಮೇಲಕ್ಕೆ ಅಡ್ಡಗೆರೆಗೆ ಒಯ್ದು, ಅಲ್ಲಿಂದ ನೆತ್ತಿಗೆ ಗೆರೆ ಎಳೆಯಿರಿ. ಛತ್ರಿಯ ಕಡ್ಡಿಗಳ ಹಾಗೆ ಏಳು ಗೆರೆ.

ಇನ್ನು ಮಾಡು. ನಡುಗೆರೆಯಲ್ಲಿ ನೆತ್ತಿಯಿಂದ 24 ಸೆ.ಮೀ. ಕೆಳಗೆ ಗುರುತು ಹಾಕಿ. ಅದರ ಮೂಲಕ, ಬಲಕ್ಕೆ 30 ಹೋದಾಗ 10 ಇಳಿಯುವಂತೆ ಓರೆಗೆರೆ ಎಳೆಯಿರಿ. ಅದೇ ಮಾಡಿನ ಗೆರೆ. ಅದು ಏಳೂ ಕಡ್ಡಿಗಳನ್ನು ಏಳು ಕಡೆ ಕಡಿಯುತ್ತದೆ.

ಕಾಣುವ ಉದ್ದ ಬೇರೆ, ನಿಜ ಉದ್ದ ಬೇರೆ

ಇಡೀ ಪಾಠದ ಗಂಟು ಇರುವುದು ಇಲ್ಲಿ. ನೆತ್ತಿಯಿಂದ ಕಡಿದ ಜಾಗಕ್ಕೆ ಪ್ರತಿ ಕಡ್ಡಿಯನ್ನೂ ಹಾಗೆಯೇ ಅಳೆದು ತಗಡಿಗೆ ಇಳಿಸಿದರೆ ಅಂಗಿ ಮಾಡಿಗೆ ಕೂರುವುದಿಲ್ಲ.

ನಡುವಿನ 3ನೇ ಕಡ್ಡಿ ನೋಡಿ. ಚಿತ್ರದಲ್ಲಿ ಅದು ನೆಟ್ಟಗೆ ನಿಂತಿದೆ, ಉದ್ದ 24 ಸೆ.ಮೀ. ಆದರೆ ನಿಜವಾದ ಶಂಕುವಿನಲ್ಲಿ ಆ ಕಡ್ಡಿ ನಮ್ಮ ಕಡೆಗೆ ವಾಲಿಕೊಂಡು ಬರುತ್ತಿದೆ. ಮುಂದಕ್ಕೆ ವಾಲಿದ ಏಣಿಯನ್ನು ಎದುರಿನಿಂದ ನೋಡಿದರೆ ಗಿಡ್ಡ ಕಾಣುವುದಿಲ್ಲವೇ, ಹಾಗೆ. ಅದರ ನಿಜ ಉದ್ದ 30 ಸೆ.ಮೀ. ಎರಡಕ್ಕೂ ಆರು ಸೆ.ಮೀ. ವ್ಯತ್ಯಾಸ! ಅಷ್ಟು ಸಂದು ಬಿಟ್ಟರೆ ಯಾವ ಟಾರೂ ನಿಲ್ಲಿಸದು.

ಚಿತ್ರದಲ್ಲಿ ನಿಜ ಉದ್ದ ತೋರಿಸುವುದು ಎರಡೇ ಗೆರೆ: ಎಡದ ಮತ್ತು ಬಲದ ಅಂಚುಗೆರೆಗಳು. ಅವು ನಮ್ಮ ಕಡೆಗೂ ವಾಲಿಲ್ಲ, ಆಚೆಗೂ ವಾಲಿಲ್ಲ. ಆದ್ದರಿಂದ ನಡುವಿನ ಐದು ಕಡಿತದ ಬಿಂದುಗಳಿಂದ ಅಡ್ಡಕ್ಕೆ, ಸಮತಟ್ಟಾಗಿ, ಅಂಚುಗೆರೆಯ ವರೆಗೆ ಗೆರೆ ಒಯ್ಯಿರಿ. ನೆತ್ತಿಯಿಂದ ಅಂಚುಗೆರೆಯ ಮೇಲೆ ಅಳೆಯಿರಿ. ಒಂದೇ ಮಟ್ಟದಲ್ಲಿರುವ ಬಿಂದುಗಳು ಶಂಕುವಿನ ಮೇಲೆ ನೆತ್ತಿಗೆ ಒಂದೇ ದೂರದಲ್ಲಿರುತ್ತವೆ. ಪೊಟ್ಟಣದಲ್ಲಿ ಕಂಡ ನಿಯಮವೇ ಇದು.

ಹೀಗೆ ಸಿಗುವ ನಿಜ ಉದ್ದಗಳು, ಸೆ.ಮೀ.ನಲ್ಲಿ (ಮೊದಲನೆಯದು 3ಕ್ಕೆ 1 ಓರೆಗೆ, ಎರಡನೆಯದು 2ಕ್ಕೆ 1 ಓರೆಗೆ):

ಕಡ್ಡಿ 0 (ಇಳಿಬದಿ): 40.0, 48.0
ಕಡ್ಡಿ 1: 38.3, 44.4
ಕಡ್ಡಿ 2: 34.3, 36.9
ಕಡ್ಡಿ 3: 30.0, 30.0
ಕಡ್ಡಿ 4: 26.7, 25.3
ಕಡ್ಡಿ 5: 24.7; 22.6
ಕಡ್ಡಿ 6 (ಏರುಬದಿ): 24.0, 21.8

ನಿಮ್ಮ ಚಿತ್ರದ ಅಳತೆ ಇದಕ್ಕೆ ಎರಡು ಮೂರು ಮಿ.ಮೀ. ಒಳಗೆ ಬಂದರೆ ಕೆಲಸ ಸರಿಯಾಗಿದೆ. ಬೇರೆ ಓರೆಯಾದರೆ ಮಾಡಿನ ಗೆರೆ ಮಾತ್ರ ಬದಲಿಸಿ ಹೊಸದಾಗಿ ಅಳೆಯಿರಿ. ಮಾಡು ಶಂಕುವಿನ ಬದಿಗಿಂತ ಕಡಿದಾಗಿದ್ದರೆ ಮಾತ್ರ ಈ ಶಂಕು ನಡೆಯದು.

ಫ್ರಾನ್ಸಿನ ಗಾಸ್ಪರ್ ಮೊಂಜ್ (1746–1818) ಎಂಬ ಗಣಿತಜ್ಞ ಇಂಥ ಚಿತ್ರಲೆಕ್ಕವನ್ನು ಶಾಸ್ತ್ರವಾಗಿ ಕಟ್ಟಿದವನು. ಕೋಟೆ ಕಟ್ಟುವುದಕ್ಕೆ ಉಪಯೋಗ ಎಂದು ಅಲ್ಲಿನ ಸೈನ್ಯ ಇದನ್ನು ಬಹಳ ಕಾಲ ಗುಟ್ಟಾಗಿಟ್ಟಿತ್ತು. 1795ರಲ್ಲಷ್ಟೇ ಆತ ಇದನ್ನು ಬಹಿರಂಗವಾಗಿ ಪಾಠ ಮಾಡಿದ. ಈಗ ಗುಟ್ಟೇನೂ ಇಲ್ಲ, ಬಚ್ಚಲ ಮಾಡಿಗೂ ಬಳಸಬಹುದು.

ಹೊಲಿಗೆ ಯಾವ ಬದಿಗೆ?

ಡ್ರಾಯಿಂಗ್ ಪುಸ್ತಕದ ಪ್ರಕಾರ ಶಂಕುವನ್ನು ಅತಿ ಗಿಡ್ಡ ಕಡ್ಡಿಯಲ್ಲಿ ಬಿಚ್ಚಬೇಕು. ಜೋಡಿಸುವ ಉದ್ದ ಕಡಿಮೆಯಾದರೆ ಬೆಸುಗೆ, ರಿವೀಟು ಉಳಿಯುತ್ತದೆ ಎಂಬುದು ಕಾರಣ. ನಮಗೆ ಆ ನಿಯಮ ಬೇಡ. ನಮ್ಮ ಅತಿ ಗಿಡ್ಡ ಕಡ್ಡಿ ಏರುಬದಿಯದ್ದು. ಮಾಡಿನಲ್ಲಿ ಹರಿದು ಬರುವ ನೀರೆಲ್ಲ ಬಂದು ಬಡಿಯುವುದು ಅಲ್ಲಿಗೇ. ಅಲ್ಲಿ ಹೊಲಿಗೆ ಇಟ್ಟರೆ ನೀರಿಗೆ ಬಾಗಿಲು ತೆರೆದಿಟ್ಟ ಹಾಗೆ. ನಾಲ್ಕು ರಿವೀಟು ಹೆಚ್ಚು ಹೋದರೂ ಹೋಗಲಿ, ಉದ್ದದ 0 ಕಡ್ಡಿಯಲ್ಲೇ ಬಿಚ್ಚಿ.

ತಗಡಿಗೆ ಇಳಿಸುವುದು

85 × 45 ಸೆ.ಮೀ. ತಗಡು ಸಾಕು. 8 ಅಡಿ ಉದ್ದ 3 ಅಡಿ ಅಗಲದ ಜಿ.ಐ. ಶೀಟಿನಲ್ಲಿ ಇಂಥ ಐದು ತುಂಡು ಬರುತ್ತವೆ. ನೆರೆಕರೆಯವರು ಸೇರಿ ಒಂದು ಶೀಟು ತರಬಹುದು. 2ಕ್ಕೆ 1 ಓರೆಯ ಮಾಡಿಗೆ ತುಂಡು ಇದಕ್ಕಿಂತ ದೊಡ್ಡದು ಬೇಕು, ರಟ್ಟಿನ ಮಾದರಿ ಇಟ್ಟು ಅಳೆದುಕೊಳ್ಳಿ. 26 ಗೇಜು ಸುಲಭದಲ್ಲಿ ಬಗ್ಗುತ್ತದೆ, 24 ಗೇಜು ಹೆಚ್ಚು ಗಟ್ಟಿ. ಗೆರೆಯನ್ನು ಮೊಳೆಯಲ್ಲಿ ಗೀರಬೇಡಿ. ಸತುವಿನ ಲೇಪ ಹರಿದು ಆ ಗೆರೆಯಲ್ಲೇ ತುಕ್ಕು ಹಿಡಿಯುತ್ತದೆ. ಮಾರ್ಕರ್ ಪೆನ್ನು ಬಳಸಿ.

ನೆತ್ತಿಯ ಬಿಂದು ಗುರುತಿಸಿ 40 ಸೆ.ಮೀ.ಗೆ ಕಮಾನು ಎಳೆಯಿರಿ. ಅದರ ಮೇಲೆ 18 ಡಿಗ್ರಿಯಂತೆ 12 ಪಾಲು, ಒಟ್ಟು 216 ಡಿಗ್ರಿ. ಕೋನಮಾಪಕ ಇಲ್ಲವೆಂದರೆ ಈ ಕಮಾನಿನ ಮೇಲೆ ಒಂದು ಪಾಲಿನ ನೇರ ದೂರ 12.5 ಸೆ.ಮೀ. (ಇದು ಡಿಗ್ರಿಯಿಂದಲೇ ಲೆಕ್ಕ ಹಾಕಿದ್ದು, ಆದ್ದರಿಂದ ಇಲ್ಲಿ ಹೆಜ್ಜೆ ಹಾಕಬಹುದು.) ಸಿಕ್ಕಿದ 13 ಬಿಂದುಗಳನ್ನು ನೆತ್ತಿಗೆ ಜೋಡಿಸಿ. ಕಡ್ಡಿಗಳ ಕ್ರಮ ಹೀಗೆ: 0, 1, 2, 3, 4, 5, 6, ಮತ್ತೆ 5, 4, 3, 2, 1, 0. ಪ್ರತಿ ಕಡ್ಡಿಯಲ್ಲಿ ನೆತ್ತಿಯಿಂದ ಪಟ್ಟಿಯಲ್ಲಿರುವ ಉದ್ದ ಗುರುತಿಸಿ.

ಈ ಗುರುತುಗಳನ್ನು ನೇರ ಗೆರೆಯಿಂದ ಜೋಡಿಸಬಾರದು. ಅಡಿಕೆ ಮರದ ತೆಳು ಸೀಳೊಂದನ್ನು ಗುರುತುಗಳ ಮೇಲೆ ಬಗ್ಗಿಸಿ ಹಿಡಿದು ಅದರಗುಂಟ ಗೆರೆ ಎಳೆದರೆ ನಯವಾದ ಬಾಗು ಬರುತ್ತದೆ. ಅದರ ಹೊರಗೆ 3 ಸೆ.ಮೀ. ಮಡಿಕೆಗೆ, ಒಂದು 0 ಕಡ್ಡಿಯ ಪಕ್ಕ 2 ಸೆ.ಮೀ. ಹೊಲಿಗೆಗೆ ಬಿಡಿ.

ಮೇಲಿನ ಕಮಾನು ಲೆಕ್ಕದಂತೆ 12.5. ಆದರೆ 13.5ಕ್ಕೆ ಕಡಿಯಿರಿ. ಕೊಳವೆಯ ಸುತ್ತ ಅರ್ಧ ಸೆ.ಮೀ.ಗಿಂತ ತುಸು ಹೆಚ್ಚು ಸಂದು ಉಳಿಯುತ್ತದೆ. ಕೊಳವೆ ಹಿಗ್ಗಿ ಕುಗ್ಗಲು ಆ ಜಾಗ ಬೇಕು.

ತಗಡು ಮುಟ್ಟುವ ಮೊದಲು ಇಷ್ಟನ್ನೂ ರಟ್ಟಿನಲ್ಲಿ ಮಾಡಿ ನೋಡಿ. ರಟ್ಟಿನ ಅಂಗಿಯನ್ನು ಮಾಡಿನಷ್ಟೇ ಓರೆ ಇಟ್ಟ ಹಲಗೆಯ ಮೇಲೆ ನಿಲ್ಲಿಸಿ. ಸುತ್ತಲೂ ಬೆಳಕು ತೂರಬಾರದು, ಮೇಲಿನ ಬಾಯಿ ಸಮತಟ್ಟಾಗಿರಬೇಕು. ಹಳೆ ಪೆಟ್ಟಿಗೆಯ ರಟ್ಟಿಗೆ ದುಡ್ಡು ಕೊಡಬೇಕಾಗಿಲ್ಲ.

ಬಗ್ಗಿಸುವುದು, ಕೂರಿಸುವುದು

ತಗಡನ್ನು ಕಬ್ಬಿಣದ ಪೈಪಿನ ಮೇಲಿಟ್ಟು ಬಗ್ಗಿಸುವಾಗ ಪೈಪು ಯಾವಾಗಲೂ ಕಡ್ಡಿಗೆರೆಯ ನೇರಕ್ಕೇ ಇರಬೇಕು. ಒಂದೊಂದು ಗೆರೆಯಲ್ಲೂ ಸ್ವಲ್ಪ ಸ್ವಲ್ಪ ಬಗ್ಗಿಸಿ. ಅಡ್ಡಾದಿಡ್ಡಿ ಬಗ್ಗಿಸಿದರೆ ತಗಡು ನೆರಿಗೆ ಕಟ್ಟುತ್ತದೆ. ಹೊಲಿಗೆಗೆ ರಿವೀಟು ಹೊಡೆಯಿರಿ. ತವರ-ಸೀಸದ ಬೆಸುಗೆ 183 ಡಿಗ್ರಿ ಸೆಲ್ಸಿಯಸ್‌ಗೇ ಕರಗಲು ತೊಡಗುತ್ತದೆ, ಹೊಗೆಕೊಳವೆಯ ಹತ್ತಿರ ಅದನ್ನು ನಂಬಬೇಡಿ. ಜಿ.ಐ. ತಗಡಿಗೆ ವೆಲ್ಡಿಂಗ್ ಮಾಡಿಸುವುದಾದರೆ ಬಯಲಲ್ಲಿ ಮಾಡಿಸಿ, ಸತುವಿನ ಹೊಗೆ ಕುಡಿದರೆ ಜ್ವರ ಬರುತ್ತದೆ.

ಕೆಳಗಿನ ಮಡಿಕೆಯನ್ನು ಎರಡೆರಡು ಸೆ.ಮೀ.ಗೆ ಕತ್ತರಿ ಹಾಕಿ ಹಲ್ಲು ಮಾಡಿ ಹೊರಗೆ ಬಗ್ಗಿಸಿ. ಅಲೆ ಅಲೆಯ ಶೀಟಿನ ಮೇಲಾಗಲಿ ಹಂಚಿನ ಮೇಲಾಗಲಿ ಅಂಗಿ ನೇರವಾಗಿ ಕೂರುವುದಿಲ್ಲ. ಒಂದು ಚಪ್ಪಟೆ ತಗಡಿನಲ್ಲಿ ಕೊಳವೆಗೆ ತೂತು ಮಾಡಿ, ಅದರ ಮೇಲೆ ಅಂಗಿ ಇಟ್ಟು ಹಲ್ಲುಗಳನ್ನು ರಿವೀಟು ಮಾಡಿ. ಹಲ್ಲುಗಳ ಅಡಿಗೂ ಸಂದಿಗೂ ಸಿಲಿಕೋನ್ ಸೀಲೆಂಟ್ ತುಂಬಿ. ಚಪ್ಪಟೆ ತಗಡಿನ ಮೇಲಂಚು ಮೇಲಿನ ಹಂಚಿನ ಅಡಿಗೆ ಹೋಗಬೇಕು, ಕೆಳ ಅಂಚು ಕೆಳಗಿನ ಹಂಚಿನ ಮೇಲೆ ಬರಬೇಕು. ಸೋಗೆ ಹೊದೆಸುವ ಕ್ರಮವೇ ಇದು. ತಪ್ಪಿದರೆ ಮೇಲಿನ ಲೆಕ್ಕವೆಲ್ಲ ನೀರಿಗೆ.

ಮೇಲಿನ ಸಂದಿಗೆ ಒಂದು ಕೊರಳಪಟ್ಟಿ ಬೇಕು. ಅದೂ 216 ಡಿಗ್ರಿಯದ್ದೇ, ಆದರೆ ನೇರ ಕಡಿದದ್ದು: ಒಳ ಕಮಾನು 12.5, ಹೊರ ಕಮಾನು 20 ಸೆ.ಮೀ. ಅಂಗಿಯ ಬಾಯಿಗಿಂತ ತುಸು ಮೇಲೆ, ಕೊಳವೆಗೆ ಬಿಗಿಯಾಗಿ ಬೋಲ್ಟು ಹಾಕಿ ಕಟ್ಟಿ. ಕೊಳವೆ ಹಿಗ್ಗಿದಾಗ ಕೊರಳಪಟ್ಟಿ ಅದರ ಜೊತೆ ಏರಿಳಿಯುತ್ತದೆ, ಅಂಗಿ ಮಾಡಿನ ಜೊತೆ ಕೂತಿರುತ್ತದೆ. ಒಂದಕ್ಕೊಂದು ಎಳೆದಾಟವಿಲ್ಲ.

ಮಾಡು ಬಿಚ್ಚಿದಾಗ ಇನ್ನೊಂದನ್ನೂ ನೋಡಿಕೊಳ್ಳಿ. ಪಕ್ಕಾಸು, ರೀಪು ಯಾವುದೂ ಕೊಳವೆಗೆ ತಾಗಿಕೊಂಡಿರಕೂಡದು. ಒಂದು ಮೊಳ ದೂರವಿದ್ದರೆ ಒಳ್ಳೆಯದು. ಅಷ್ಟು ಸಾಧ್ಯವಾಗದಲ್ಲಿ ನಡುವೆ, ಮರಕ್ಕೆ ತಾಗದಂತೆ, ತಗಡಿನ ತಡೆ ಕೊಡಿ. ಬಿಸಿಗೆ ಒಣಗಿ ಕರಕಲಾದ ಮರ ಬೇಗ ಬೆಂಕಿ ಹಿಡಿಯುತ್ತದೆ.

ಈ ಕೆಲಸಕ್ಕೆ ಬೇಸಿಗೆಯೇ ಸರಿ. ಮಳೆ ಹಿಡಿದ ಮೇಲೆ ಪಾಚಿ ಹಿಡಿದ ಮಾಡು ಹತ್ತುವುದು ಬೇಡ. ಮುಗಿಸಿದ ಮೇಲೆ ಏರುಬದಿಯಿಂದ ಎರಡು ಕೊಡ ನೀರು ಹೊಯ್ದು, ಕೆಳಗೆ ನಿಂತು ನೋಡಿ. ರಟ್ಟಿನ ಮಾದರಿಯನ್ನು ಬಿಸಾಡದೆ, ಮೇಲೆ ಓರೆ ಮತ್ತು ಕೊಳವೆಯ ಅಳತೆ ಬರೆದು ಅಟ್ಟದಲ್ಲಿಡಿ. ತಗಡಿಗೆ ಎಂದಾದರೂ ತುಕ್ಕು ಹಿಡಿದೇ ಹಿಡಿಯುತ್ತದೆ. ಆಗ ಮೊದಲಿನಿಂದ ಲೆಕ್ಕ ಹಾಕಬೇಕಾಗಿಲ್ಲ.